ಫ್ಲೋರೈಡ್ ನೀರು ಮತ್ತು ನೀರುಗಂಟಿಯ ವಿದ್ಯೆ

ಮುನಿರಾಬಾದಿನಲ್ಲಿ ನಿಂತವರಿಗೆ ನೀರಿನ ಬವಣೆಯ ಮಾತು ವಿನೋದವೆನಿಸೀತು. ಕಣ್ಣು ಹರಿಯುವಷ್ಟು ದೂರ ತುಂಗಭದ್ರೆಯ ಜಲರಾಶಿ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಭವ್ಯ ಅಣೆಕಟ್ಟು. ಗಂಗಾವತಿಯ ಬತ್ತದ ಗದ್ದೆಗಳತ್ತ ಸಾಗುವ ಎಡದಂಡೆ ನಾಲೆ. ಆದರೆ ಇಲ್ಲಿಂದ ಬಡಗಣಕ್ಕೆ, ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಗೆ ಹೋದರೆ ಚಿತ್ರವೇ ಬೇರೆ. ಈ ನಾಲೆಯ ನೀರು ಏರಲಾರದ ಆ ಎತ್ತರದ ನೆಲಕ್ಕೆ ಬಹುಕಾಲ ಬಾವಿಯೇ ಗತಿಯಾಗಿತ್ತು. ಅನಂತರ ಕೊಳವೆಬಾವಿ ಬಂದಿತು. ಆಳಕ್ಕೆ ಇಳಿದಂತೆ ಅನೇಕ ಊರುಗಳಲ್ಲಿ ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು.

ಇದು ಯಾವ ಕಾರ್ಖಾನೆಯ ಕೊಳೆಯೂ ಅಲ್ಲ. ಗ್ರಾನೈಟ್, ನೈಸ್ ಮೊದಲಾದ ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು, ಕ್ಷಾರಗುಣ ಹೆಚ್ಚಿ ಸುಣ್ಣದಂಶ ಕುಗ್ಗಿದಾಗ, ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದರ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಆಸರೆಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹುಟ್ಟುತ್ತಿರುವ ಎಳೆಯ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ವರ್ಷಾನುಗಟ್ಟಲೆ ಕುಡಿದವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಒಮ್ಮೆ ಹಾಗಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಗೃಹಿಣಿಯರು ಗಮನಿಸಬೇಕಾದ ಮಾತೊಂದಿದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ಅದು ನಿಲ್ಲದು; ಕಾಸಿದರೆ ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಕಾಯಿಸಿದ ನೀರೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

ಹಾಗಾದರೆ ತೆಗೆಯುವವರು ಯಾರು? ಯಂತ್ರವೆಂದು ಉತ್ತರ ಕೊಡುವುದು ಸುಲಭ. ಶುದ್ಧ ಕುಡಿಯುವ ನೀರಿನ ಘಟಕಗಳು ನಾಡಿನಾದ್ಯಂತ ಹಳ್ಳಿಗಳಲ್ಲಿ ಎದ್ದಿವೆ. ಆದರೆ ಯಂತ್ರಕ್ಕಿಂತ ಅದನ್ನು ನಡೆಸುವ ಕೈಗೆ ಹೆಚ್ಚು ತಿಳಿವಳಿಕೆ ಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ 'ನಲ್ಗೊಂಡ' ವಿಧಾನವನ್ನೇ ನೋಡಿರಿ: ಸುಣ್ಣ, ಸ್ಫಟಿಕ, ಬ್ಲೀಚಿಂಗ್ ಪುಡಿ ಬೆರೆಸಿ ಕಲಕುವುದು, ಗಸಿ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಸೋಸಿಕೊಳ್ಳುವುದು. ಅಡುಗೆಯಷ್ಟೇ ಸರಳವೆನಿಸುತ್ತದೆ. ಆದರೆ ಎಷ್ಟು ಸ್ಫಟಿಕ ಎಂಬುದು ಆ ನೀರಿನ ಫ್ಲೋರೈಡಿನ ಮೇಲೂ ಕ್ಷಾರದ ಮೇಲೂ ನಿಂತಿದೆ. ಕಡಿಮೆಯಾದರೆ ಫ್ಲೋರೈಡ್ ಉಳಿಯಿತು. ಹೆಚ್ಚಾದರೆ ಅಲ್ಯೂಮಿನಿಯಂ, ಸಲ್ಫೇಟುಗಳು ಸೇರಿಕೊಂಡವು. ಚುರುಕುಗೊಳಿಸಿದ ಅಲ್ಯೂಮಿನಾ ತುಂಬಿದ ಸೋಸುಗವಾದರೆ ಕ್ರಮೇಣ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಾಸ್ಟಿಕ್ ಸೋಡದಿಂದಲೂ ಆಮ್ಲದಿಂದಲೂ ತೊಳೆದು ಅದಕ್ಕೆ ಮರುಜೀವ ಕೊಡಬೇಕು. ಆರ್.ಓ. ಯಂತ್ರ ಒಂದು ಕಡೆಯಿಂದ ಶುದ್ಧ ನೀರನ್ನೂ ಮತ್ತೊಂದು ಕಡೆಯಿಂದ ಫ್ಲೋರೈಡ್ ಇಮ್ಮಡಿಸಿದ ಕೊಳೆನೀರನ್ನೂ ಬಿಡುತ್ತದೆ. ಅದನ್ನು ಘಟಕದ ಹಿತ್ತಿಲಿಗೆ ಹರಿಸಿದರೆ ಅದೇ ನೆಲಕ್ಕೆ ಇಂಗುತ್ತದೆ. ಕೈಯಲ್ಲಿ ಹಿಡಿವ ಟಿ.ಡಿ.ಎಸ್. ಮಾಪಕವೋ, ಕರಗಿದ ಲವಣಗಳ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ, ಫ್ಲೋರೈಡನ್ನು ಹೇಳದು. ಇದನ್ನರಿಯದ ನೀರುಗಂಟಿ ಮಾಪಕದ ಅಂಕಿ ಕಂಡು ನಿಶ್ಚಿಂತನಾಗುತ್ತಾನೆ. ತಪ್ಪು ಅವನದಲ್ಲ, ಕೀಲಿಕೈ ಕೊಟ್ಟವರು ವಿದ್ಯೆಯನ್ನು ಕೊಡಲಿಲ್ಲ.

ದೊಡ್ಡ ಹುದ್ದೆಯವರಿಗೆ ತರಬೇತಿಯ ಕೊರತೆಯಿಲ್ಲ. ರಾಯಪುರದಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಅಂತರ್ಜಲ ತರಬೇತಿ ಮತ್ತು ಸಂಶೋಧನಾ ಸಂಸ್ಥೆಯೇ ಇದೆ. ಹಳ್ಳಿಯ ಮಟ್ಟಕ್ಕೆ ಬಂದ ಹೊಸತೆಂದರೆ 2019ರಲ್ಲಿ ಆರಂಭವಾದ ಜಲಜೀವನ ಯೋಜನೆ. ಪ್ರತಿ ಊರಿನಲ್ಲಿ ಐವರಿಗೆ, ಆದಷ್ಟೂ ಮಹಿಳೆಯರಿಗೇ, ನೀರಿನ ಪರೀಕ್ಷೆ ಕಲಿಸಬೇಕೆಂಬುದು ಅದರ ನಿಯಮ. ನೀರು ತುಂಬುವವರ ಕೈಗೇ ಪರೀಕ್ಷೆಯ ಪೆಟ್ಟಿಗೆ ಕೊಟ್ಟದ್ದು ಉಚಿತವೇ ಸರಿ. ಒಂದು ದಿನದ ಭಾಷಣ, ಒಂದು ಕಪ್ ಚಹಾ, ಒಂದು ಪ್ರಮಾಣಪತ್ರ ಇಷ್ಟಕ್ಕೇ ಮುಗಿದರೆ ಮಾತ್ರ ಪೆಟ್ಟಿಗೆ ಅಟ್ಟ ಸೇರುವುದು ಖಂಡಿತ.

ಕೈಯಾರೆ ಮಾಡಿ ಕಲಿತವಳಿಗೆ ಕೆಲಸ ಕಷ್ಟವಲ್ಲ. ಗಾಜಿನ ನಳಿಕೆಗೆ ಗುರುತಿನವರೆಗೆ ನೀರು, ಅದಕ್ಕೆ ಕೆಂಪು ದ್ರಾವಣದ ಹನಿಗಳು. ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಹಳದಿಗೆ ತಿರುಗುತ್ತದೆ. ಅಚ್ಚಿಟ್ಟ ಬಣ್ಣದ ಪಟ್ಟಿಯೊಡನೆ ಹೋಲಿಸಿ ಅಂಕಿಯನ್ನು ಬರೆದುಕೊಳ್ಳಬೇಕು. ಇದು ಅಂದಾಜು ಮಾತ್ರ. ಹಳದಿ ಕಂಡ ಬಾವಿಯ ನೀರನ್ನು ಮತ್ತೆ ಪ್ರಯೋಗಶಾಲೆಗೆ ಕಳುಹಿಸಬೇಕು. ಆಗ ಗಾಜಿನ ಶೀಸೆ ಬೇಡ, ಪ್ಲಾಸ್ಟಿಕ್ ಶೀಸೆಯೇ ಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ಬೆರೆತು ಲೆಕ್ಕ ತಪ್ಪಿಸಬಹುದು. ಶೀಸೆಯ ಮೇಲೆ ಬಾವಿಯ ಗುರುತು, ತಾರೀಖು, ನೀರು ತೆಗೆದವಳ ಹೆಸರು ಇರಬೇಕು. ಫಲಿತಾಂಶ ಬರುವವರೆಗೆ ಅಡುಗೆಗೂ ಕುಡಿಯಲಿಕ್ಕೂ ಆ ಬಾವಿಯ ನೀರನ್ನು ಬಳಸದಂತೆ ಓಣಿಯವರಿಗೆ ಹೇಳಿಬರುವುದೂ ಅವಳ ಪಾಲಿನ ಕೆಲಸವೇ.