ಕುಮಟಗಿಯ ನೀರ ಮಹಲು

ನಮ್ಮ ಕಡೆಯ ಶಾಲೆಗಳ ಪ್ರವಾಸ ವಿಜಯಪುರಕ್ಕೆ ಹೋದರೆ ಮೊದಲು ಗೋಳಗುಮ್ಮಟ. ಅಲ್ಲಿ ಎಲ್ಲರೂ ಕೂಗಿ ಕೂಗಿ ಗಂಟಲು ಹರಕೊಳ್ಳುತ್ತಾರೆ. ಆಮೇಲೆ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು ನೋಡಿ ಹೊಳ್ಳಿ ಊರಿಗೆ ಬರುತ್ತಾರೆ. ಇವೆಲ್ಲ ದೊಡ್ಡವು. ಆದರೆ ಅದೇ ಆದಿಲಶಾಹಿ ಅರಸರು ಕಟ್ಟಿಸಿದ ಒಂದು ಸಣ್ಣ ಅರಮನೆ ವಿಜಯಪುರದಿಂದ ಸಿಂದಗಿ ರಸ್ತೆಗೆ ಇಪ್ಪತ್ತು ಕಿ.ಮೀ. ಒಳಗೇ ಇದೆ. ಆ ಊರ ಹೆಸರು ಕುಮಟಗಿ. ನಾನು ನಮ್ಮ ಸೋದರಮಾವನ ಸಂಗಡ ಹೋಗಿ ನೋಡಿ ಬಂದೀನಿ.

ಆದಿಲಶಾಹಿಗಳು 1490 ರಿಂದ 1686 ರವರೆಗೆ ಆಳಿದರು. ಊರೊಳಗೆ ಅಷ್ಟು ದೊಡ್ಡ ಅರಮನೆ ಇದ್ದ ಮೇಲೆ ಕೆರೆಯ ದಂಡೆಗೆ ಇನ್ನೊಂದು ಯಾಕೆ? ಬ್ಯಾಸಗಿ ಕಳೆಯಲಿಕ್ಕೆ. ನಮ್ಮಲ್ಲಿ ಮಾಳಗಿ ಮನಿ ಇದ್ದವರೂ ಏಪ್ರಿಲ್ ತಿಂಗಳದಾಗ ಹೊಲದ ಗುಡಸಲಕ್ಕ ಮಲಗಲಿಕ್ಕೆ ಹೋಗೂದಿಲ್ಲೇನು? ಹಂಗ.

ಅಲ್ಲಿ ಒಂದು ಹೊಂಡದ ನಡುವೆ ಎರಡು ಅಂತಸ್ತಿನ ಮಹಲು ಇದೆ. ಒಳಗೆ ಕೂತವರ ಮೇಲೆ ಮಳೆಯಂತೆ ನೀರು ಸಿಡಿಯುತ್ತಿತ್ತು. ಸುತ್ತಲೂ ಕಾರಂಜಿ. ಕರೆಂಟು ಇಲ್ಲದ ಕಾಲಕ್ಕ ಇದು ಹೆಂಗ? ಕೆರೆಯ ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಇಳಿಬಿಡುತ್ತಿದ್ದರು. ನಮ್ಮೂರ ನೀರಿನ ಟಾಕಿ ಎತ್ತರಕ್ಕ ಕಟ್ಟಿದ್ದೂ ಇದಕ್ಕೇ. ಟಾಕಿ ಎಷ್ಟು ಮ್ಯಾಲೋ ನಳದಾಗ ಅಷ್ಟು ಜೋರು. ನಳದ ಬಾಯಿಗೆ ಬೆರಳು ಒತ್ತಿ ಹಿಡಿದು ನೋಡಿರಿ, ನೀರು ಚಿಮ್ಮತೈತಿ. ಕಾರಂಜಿ ಅಂದರೆ ಅಷ್ಟೇ. ಕಷ್ಟ ಇರೋದು ನೀರು ಮ್ಯಾಲೆ ಏರಿಸೋದರಾಗ. ಕೊಡ ಹೊತ್ತವರಿಗೆ ಇದು ಹೇಳಬೇಕಾಗಿಲ್ಲ.

ಫ್ರಾನ್ಸ್ ದೇಶದ ಹದಿನಾಲ್ಕನೆಯ ಲೂಯಿಗೂ ಇದೇ ಕಷ್ಟ. ಹತ್ತನೆಯ ಇಯತ್ತೆಯವರು ಓದುವ ವರ್ಸೇಲ್ಸ್ ಒಪ್ಪಂದದ ಅರಮನೆ ಅವನದೇ. ದೊಡ್ಡ ಅರಮನೆ ಸಾಕಾಗಿ ಹತ್ತಿರದ ಮಾರ್ಲಿ ಎಂಬಲ್ಲಿ ಸಣ್ಣದೊಂದು ಕಟ್ಟಿಸಿದ. ಕಾರಂಜಿಗಳಿಗಾಗಿ ಸೇನ್ ನದಿಗೆ 14 ದೊಡ್ಡ ಗಾಲಿಗಳ ಯಂತ್ರ ಕೂಡಿಸಿದರು. 1684 ರಲ್ಲಿ ಅದು ಮುಗಿಯಿತು. ಇನ್ನೂರಕ್ಕೂ ಹೆಚ್ಚು ಪಂಪುಗಳು ನೀರನ್ನು ಗುಡ್ಡದ ಮೇಲೆ ಏರಿಸುತ್ತಿದ್ದವು. ಆದರೂ ನೀರು ಸಾಲಲಿಲ್ಲ! ವರ್ಸೇಲ್ಸ್ ತೋಟದಲ್ಲಿ ರಾಜ ಬರುವುದನ್ನು ಕಂಡು ಸೀಟಿ ಹೊಡೆಯುತ್ತಿದ್ದರಂತೆ, ಆಗ ಮುಂದಿನ ಕಾರಂಜಿ ಬಿಡುತ್ತಿದ್ದರು. ರಾಜ ದಾಟಿದ ಕೂಡಲೇ ಬಂದ್. ನನಗೆ ಇದನ್ನು ಓದಿ ಭಾಳ ನಗು ಬಂತು. ನಮ್ಮ ಓಣಿಗೂ ನಳ ಹಂಗ ಬಿಡ್ತಾರ. ಆ ಮಾರ್ಲಿ ಅರಮನೆಯನ್ನು ಮುಂದೆ ನೂಲಿನ ಗಿರಣಿ ಮಾಡಿ, ಕಡೆಗೆ ಕೆಡವಿಬಿಟ್ಟರು. ಈಗ ಅಲ್ಲಿ ತೋಟ ಮಾತ್ರ ಉಳಿದಿದೆ.

ನಮ್ಮದು ಇನ್ನೂ ನಿಂತಿದೆ. ಕುಮಟಗಿಯ ಇನ್ನೊಂದು ಸಣ್ಣ ಕಟ್ಟಡದ ಗೋಡೆಗಳ ಮೇಲೆ ಬಣ್ಣದ ಚಿತ್ರಗಳಿವೆ. ಕುಸ್ತಿ ಹಿಡಿದವರು, ಕುದುರೆ ಮೇಲೆ ಕೂತು ಚೆಂಡಾಟ ಆಡುವವರು, ಯುರೋಪಿನಿಂದ ಬಂದ ಜನ. ಕುಸ್ತಿಯ ಚಿತ್ರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೇ! ಆದರೆ ಬಣ್ಣ ಬಹಳ ಮಾಸಿದೆ. ಕೆಲವು ಕಡೆ ಗಚ್ಚೇ ಉದುರಿದೆ. ಗೋಳಗುಮ್ಮಟ ನಾವು ದೊಡ್ಡವರಾದ ಮೇಲೂ ಇರುತ್ತದೆ. ಈ ಚಿತ್ರಗಳು ಇರುತ್ತವೋ ಇಲ್ಲವೋ.

ಅದಕ್ಕೇ ಗುರುಗಳಲ್ಲಿ ನಮ್ಮ ವಿನಂತಿ. ಈ ವರ್ಷದ ಪ್ರವಾಸ ವಿಜಯಪುರಕ್ಕೇ ಇದ್ದರೆ ಕುಮಟಗಿಯನ್ನೂ ಸೇರಿಸಬೇಕು. ಬೆಳಿಗ್ಗೆ ಒಂದು ತಾಸು ಮೊದಲು ಐಗಳಿ ಬಿಟ್ಟರೆ ಸಾಕು. ಬುತ್ತಿ ಅಲ್ಲೇ ಕೆರೆ ದಂಡೆಗೆ ಬಿಚ್ಚೋಣ.