ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನಾನು ಬಿ.ಇ. ಎಲೆಕ್ಟ್ರಾನಿಕ್ಸ್, ಐದನೇ ಸೆಮಿಸ್ಟರ್. ತಂಗಿ ಬಿ.ಎಸ್ಸಿ. ನರ್ಸಿಂಗ್, ಮೂರನೇ ಸೆಮಿಸ್ಟರ್. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ನಮ್ಮ ಮನೆಯಲ್ಲಿ ಯಾರ ಓದು ಕಷ್ಟದ್ದು ಎಂಬ ಮಾತು ಬಂದರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ‘ಸೂಜಿ ಚುಚ್ಚೋದು, ಬಿ.ಪಿ. ನೋಡೋದು ಕಲಿಯೋಕೆ ನಾಲ್ಕು ವರ್ಷ ಬೇಕಾ?’ ಎಂದು ಅವಳನ್ನು ರೇಗಿಸುತ್ತಿದ್ದೆ. ಕಳೆದ ರಜೆಯಲ್ಲಿ ಆ ಜಂಬ ಇಳಿಯಿತು. ಇಳಿಸಿದ್ದು ಒಂದು ಸಿರಿಂಜಿನ ಮುಚ್ಚಳ.

ಅವಳಿಗೆ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರದ ಪರೀಕ್ಷೆ ಹತ್ತಿರವಿತ್ತು. ಮಂಗಳೂರಿನ ಪ್ರಾಧ್ಯಾಪಕಿ ಪದ್ಮಜಾ ಉದಯಕುಮಾರ್ ಅವರು ನರ್ಸಿಂಗ್ ವಿದ್ಯಾರ್ಥಿಗಳಿಗಾಗಿಯೇ ಬರೆದ ಪುಸ್ತಕವನ್ನು ಹಿಡಿದು ಜಗುಲಿಯಲ್ಲಿ ಕೂತಿದ್ದಳು. ‘ಅಣ್ಣಾ, ನಿಂಗೆ ಲೆಕ್ಕ ಅಂದ್ರೆ ನೀರು ಕುಡಿದಂಗಲ್ವಾ? 500 ಎಂ.ಎಲ್. ಸಲೈನ್ ನಾಲ್ಕು ಗಂಟೇಲಿ ಹೋಗ್ಬೇಕು. ನಿಮಿಷಕ್ಕೆ ಎಷ್ಟು ಹನಿ ಬಿಡ್ಬೇಕು?’ ಎಂದಳು. ಒಂದು ಎಂ.ಎಲ್.ಗೆ ಇಪ್ಪತ್ತು ಹನಿ ಎಂದು ಎಲ್ಲೋ ಕೇಳಿದ್ದೆ. ಗುಣಿಸಿ, 240 ನಿಮಿಷದಿಂದ ಭಾಗಿಸಿ ‘42’ ಎಂದೆ.

‘ಯಾವ ಸೆಟ್ಟು ಅಂತ ಕೇಳ್ಲೇ ಇಲ್ವಲ್ಲ. ದೊಡ್ಡ ಹನಿ ಸೆಟ್ಟಾದ್ರೆ ಸರಿ. ಮಕ್ಕಳಿಗೆ ಹಾಕೋ ಸಣ್ಣ ಹನಿ ಸೆಟ್ಟಲ್ಲಿ ಒಂದು ಎಂ.ಎಲ್.ಗೆ 60 ಹನಿ. ಆಗ ಉತ್ತರ 125. ಪ್ಯಾಕೆಟ್ ಮೇಲೆ ಬರೆದಿರುತ್ತೆ, ಮೊದಲು ಅದನ್ನ ಓದ್ಬೇಕು’ ಎಂದು ನಕ್ಕಳು. ಸೂತ್ರ ಒಂದೇ, ಉತ್ತರ ಮೂರು ಪಟ್ಟು ಬೇರೆ. ನಾನೂ ನಕ್ಕು ಸುಮ್ಮನಾದೆ.

ಅಂದು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಅಜ್ಜಿಗೆ ಇನ್ಸುಲಿನ್ ಕೊಡುವ ಹೊತ್ತು. ಅಜ್ಜಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೇರೆ ದಿನ ಅಮ್ಮ ಚುಚ್ಚುತ್ತಾರೆ, ರಜೆಯಲ್ಲಿ ಆ ಕೆಲಸ ನನ್ನದು. ಎರಡು ವಾರದಿಂದ ಅಜ್ಜಿಯ ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ‘ಕದ್ದು ಬಾಳೆಹಣ್ಣು ತಿಂತೀಯ’ ಎಂದು ಎಲ್ಲರೂ ಬೈದಿದ್ದೆವು. ‘ಇಲ್ಲ ಕಣ್ರಪ್ಪ, ಮುದ್ದೇನೂ ಅರ್ಧ ಮಾಡಿವ್ನಿ’ ಎಂದು ಅಜ್ಜಿ ಅತ್ತಿದ್ದೂ ಉಂಟು. ಡಾಕ್ಟರ ಬಳಿ ಹೋಗಿ ಡೋಸ್ ಜಾಸ್ತಿ ಮಾಡಿಸುವುದೆಂದು ತೀರ್ಮಾನವಾಗಿತ್ತು.

ನಾನು 20ರ ಗೆರೆವರೆಗೆ ಔಷಧ ಎಳೆದೆ. ತಂಗಿ ಬಂದು ಕೈ ಹಿಡಿದಳು. ‘ಅಣ್ಣಾ, ಈ ಸಿರಿಂಜ್ ಮುಚ್ಚಳ ಯಾಕೆ ಕಿತ್ತಳೆ ಬಣ್ಣ ಇದೆ?’

ಯಾಕೆಂದು ನಾನೇನು ಬಲ್ಲೆ? ಹಳೆಯ ಡಬ್ಬ ಮುಗಿದಿತ್ತು, ಅಂಗಡಿಯಲ್ಲಿ ಇದು ಸಿಕ್ಕಿತ್ತು, ತಂದಿದ್ದೆವು. ಅವಳು ಇನ್ಸುಲಿನ್ ಸೀಸೆಯನ್ನು ದೀಪಕ್ಕೆ ಹಿಡಿದು ಓದಿಸಿದಳು: ಒಂದು ಎಂ.ಎಲ್.ಗೆ 40 ಯೂನಿಟ್. ಸಿರಿಂಜಿನ ಮೇಲೆ ಓದಿಸಿದಳು: ಒಂದು ಎಂ.ಎಲ್.ಗೆ 100 ಯೂನಿಟ್.

ನಮ್ಮ ದೇಶದಲ್ಲಿ ಎರಡೂ ಬಳಕೆಯಲ್ಲಿವೆ. 40ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜ್, 100ರ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆ ಎಂದರೆ 0.2 ಎಂ.ಎಲ್. ಅದಕ್ಕೆ 40ರ ಸೀಸೆಯಿಂದ ಬರುವುದು ಬರೀ 8 ಯೂನಿಟ್. ಇಪ್ಪತ್ತು ಎಂದುಕೊಂಡು ಎರಡು ವಾರ ನಾವು ಅಜ್ಜಿಗೆ ಎಂಟು ಕೊಟ್ಟಿದ್ದೆವು. ಬೈಗುಳ ಮಾತ್ರ ಪೂರ್ತಿ ಕೊಟ್ಟಿದ್ದೆವು.

ಇನ್ನೂ ಭಯದ ವಿಷಯ ಆಮೇಲೆ ಹೊಳೆಯಿತು. ಡಾಕ್ಟರಿಗೆ ಇದು ತಿಳಿಯದೆ ಡೋಸ್ ಏರಿಸಿ, ಮುಂದಿನ ಸಲ ಅಂಗಡಿಯಲ್ಲಿ ಕೆಂಪು ಮುಚ್ಚಳದ್ದು ಸಿಕ್ಕಿದ್ದರೆ? ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು, ಪ್ರಾಣಕ್ಕೇ ಅಪಾಯ. ತಪ್ಪು ತಿರುವುಮುರುವಾದರೂ ಅಷ್ಟೇ: 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು 50 ಯೂನಿಟ್.

ನಾವೇ ಡೋಸ್ ತಿದ್ದಲು ಹೋಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಮರುದಿನ ಬೆಳಿಗ್ಗೆ ಸೀಸೆ, ಸಿರಿಂಜ್ ಎರಡನ್ನೂ ಹಿಡಿದು ಹೋದೆವು. ಅವರು ಡೋಸ್ ಏರಿಸಲಿಲ್ಲ. ಸರಿಯಾದ ಸಿರಿಂಜ್ ಬರೆದುಕೊಟ್ಟು, ಕೆಲವು ದಿನ ಸಕ್ಕರೆ ಪರೀಕ್ಷೆ ಮಾಡುತ್ತಿರಿ ಎಂದರು. ವಾರ ಕಳೆಯುವುದರೊಳಗೆ ಅಜ್ಜಿಯ ಸಕ್ಕರೆ ಹಳೆಯ ಮಟ್ಟಕ್ಕೆ ಬಂತು.

ಆ ರಜೆಯ ಉಳಿದ ದಿನಗಳಲ್ಲಿ ತಂಗಿಯ ಪುಸ್ತಕವನ್ನು ನಾನೂ ಓದಿದೆ. ಇಡೀ ವಿಷಯದ ಬುನಾದಿ ಎರಡೇ ಪ್ರಶ್ನೆ: ಔಷಧ ದೇಹಕ್ಕೆ ಏನು ಮಾಡುತ್ತದೆ, ದೇಹ ಔಷಧಕ್ಕೆ ಏನು ಮಾಡುತ್ತದೆ? ಎರಡನೆಯದರಲ್ಲಿ ನಾಲ್ಕು ಹಂತ. ಔಷಧ ರಕ್ತಕ್ಕೆ ಸೇರುವುದು, ರಕ್ತದಿಂದ ಅಂಗಾಂಗಗಳಿಗೆ ಹರಡುವುದು, ಹೆಚ್ಚಾಗಿ ಲಿವರ್‌ನಲ್ಲಿ ರೂಪ ಬದಲಿಸುವುದು, ಮುಖ್ಯವಾಗಿ ಕಿಡ್ನಿಯ ಮೂಲಕ ಹೊರಹೋಗುವುದು. ಅಜ್ಜಿಗೆ ಮಾತ್ರೆಯ ಬದಲು ಸೂಜಿಯೇ ಏಕೆ ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ರಕ್ತಕ್ಕೆ ಸೇರುವ ಮೊದಲೇ ಬೇಳೆಸಾರಿನಂತೆ ಜೀರ್ಣವಾಗಿಬಿಡುತ್ತದೆ.

‘ಅರ್ಧಾಯುಷ್ಯ’ದ ಪಾಠ ಬಂದಾಗ ನನಗೆ ನೆಂಟರು ಸಿಕ್ಕಂತಾಯಿತು. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ ಅದು. ಐದು ಅರ್ಧಾಯುಷ್ಯ ಕಳೆದರೆ ಉಳಿಯುವುದು ಶೇ 3ರಷ್ಟು. ನಮ್ಮ ಲ್ಯಾಬಿನಲ್ಲಿ ಕೆಪಾಸಿಟರ್ ಖಾಲಿಯಾಗುವ ಗ್ರಾಫ್ ಕೂಡ ಇದೇ ಆಕಾರದ್ದು. ಪ್ಯಾರಾಸಿಟಮಾಲ್‌ಗೆ ಈ ಅವಧಿ ಎರಡು ಮೂರು ಗಂಟೆ. ಅದಕ್ಕೇ ದಿನಕ್ಕೆ ಹಲವು ಸಲ ಬೇಕಾಗುತ್ತದೆ. ಹಾಗೆಂದು ಜ್ವರ ಬಿಡಲಿಲ್ಲವೆಂದು ಮೇಲಿಂದ ಮೇಲೆ ನುಂಗಿದರೆ ಅದೇ ಮಾತ್ರೆ ಲಿವರ್ ಕೆಡಿಸುತ್ತದೆ. ಗ್ರಾಫ್ ಒಂದೇ ಆದರೂ ಒಂದು ವ್ಯತ್ಯಾಸವಿದೆ. ನನ್ನ ಲೆಕ್ಕ ತಪ್ಪಿದರೆ ಹತ್ತು ರೂಪಾಯಿಯ ಬಿಡಿಭಾಗ ಸುಡುತ್ತದೆ. ಅವಳ ಲೆಕ್ಕ ತಪ್ಪಿದರೆ ಮಂಚದ ಮೇಲೆ ಯಾರದೋ ಅಜ್ಜಿ ಇರುತ್ತಾರೆ.

ಅದಕ್ಕೇ ಅವರಿಗೆ ಐದು ‘ಸರಿ’ಗಳನ್ನು ಬಾಯಿಪಾಠ ಮಾಡಿಸುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಬರೆದುಕೊಡುವವರು ಡಾಕ್ಟರು, ಮಾರುವವರು ಅಂಗಡಿಯವರು. ಆದರೆ ಔಷಧ ದೇಹದೊಳಗೆ ಹೋಗುವ ಮುಂಚಿನ ಕೊನೆಯ ಕಣ್ಣು ನರ್ಸಿನದು. ಮನೆಯಲ್ಲಾದರೆ ಆ ಕಣ್ಣು ನಮ್ಮದೇ. ನಾನು ಸಿರಿಂಜ್ ಕೊಟ್ಟವರನ್ನು ದೂರುವುದಿಲ್ಲ. ಎರಡು ವಾರದಲ್ಲಿ ಎಷ್ಟೋ ಸಲ ಆ ಸೀಸೆ ನನ್ನ ಕೈಯಲ್ಲಿತ್ತು. ಅಕ್ಷರ ಬರುತ್ತಿದ್ದ ನಾನೇ ಓದಲಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇವತ್ತೇ ಸೀಸೆಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಜೋಡಿಸಿ ನೋಡಿ. ಒಂದೇ ಇರಬೇಕು. ಇಲ್ಲದಿದ್ದರೆ ನೀವೇ ಲೆಕ್ಕ ಹಾಕಿ ಸರಿಪಡಿಸದೆ ಡಾಕ್ಟರನ್ನು ಕೇಳಿ. ನರ್ಸಿಂಗ್ ಓದುವವರು ಯಾರಾದರೂ ಇದ್ದರೆ ನನ್ನಂತೆ ರೇಗಿಸಬೇಡಿ, ಅವರ ಪುಸ್ತಕ ಒಮ್ಮೆ ತೆರೆದು ನೋಡಿ.

ತಂಗಿ ಫಾರ್ಮಕಾಲಜಿ ಪಾಸಾದಳು. ಓದುಬರಹ ಬಾರದ ನಮ್ಮಜ್ಜಿಯೂ ಈಗ ಒಂದು ಪಾಠ ಕಲಿತಿದ್ದಾರೆ. ಔಷಧ ತರಲು ಹೊರಟವರನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳುತ್ತಾರೆ: ‘ಕೆಂಪು ಟೋಪಿದೇ ತತ್ತಾ ಮಗ, ಬ್ಯಾರೇದು ಬ್ಯಾಡ.’