ಚುಕ್ಕೆಯ ಆಚೆ ಇರುವುದು ಗುಂಟೆ

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ತರುಣ ತರುಣಿಯರಿಗೆ ಊರಿನ ಜಮೀನೆಂದರೆ ಮೇ ರಜೆಯಲ್ಲಿ ಹೋಗಿ, ಎಳನೀರು ಕುಡಿದು, ಎರಡು ದಿನ ಓಡಾಡಿ ಬರುವ ಜಾಗ. ಅದರ ವಿಸ್ತೀರ್ಣವೆಷ್ಟು ಎಂದು ಕೇಳುವ ಪ್ರಸಂಗ ಬರುವುದು ಬಹಳ ತಡವಾಗಿ. ಅಪ್ಪ ನಿವೃತ್ತರಾಗುತ್ತಾರೆ, ಇಲ್ಲವೇ ಅಜ್ಜ ತೀರಿಕೊಳ್ಳುತ್ತಾರೆ. ದೊಡ್ಡಪ್ಪ ಒಂದು ಪಹಣಿಯ ಪ್ರತಿ ಕಳಿಸಿ, "ನೋಡಪ್ಪಾ, ಪಾಲಿನ ವಿಚಾರ ಮಾತಾಡಿ ಮುಗಿಸೋಣ" ಎನ್ನುತ್ತಾರೆ. ಪಹಣಿಯಲ್ಲಿ ವಿಸ್ತೀರ್ಣದ ಕಡೆ 2-20 ಎಂದೋ, ನಡುವೆ ಚುಕ್ಕೆಯಿಟ್ಟು 2.20 ಎಂದೋ ಇರುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಪಳಗಿದ ಕಣ್ಣು ಅದನ್ನು ಎರಡು ದಶಮಾಂಶ ಎರಡು ಎಕರೆ ಎಂದು ಓದಿಬಿಡುತ್ತದೆ. ಅಲ್ಲಿಗೆ 12 ಗುಂಟೆ ಜಮೀನು ಲೆಕ್ಕದಿಂದ ಹಾರಿಹೋಯಿತು!

ಹೇಗೆ ಎಂದಿರಾ? ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದರ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. 20 ಗುಂಟೆ ಎಂದರೆ ಅರ್ಧ ಎಕರೆ. ಆದ್ದರಿಂದ 2-20 ಎಂಬುದು ಎರಡೂವರೆ ಎಕರೆ. ದಶಮಾಂಶದಲ್ಲಿ ಬರೆದರೆ 2.5. ಅದನ್ನು 2.2 ಎಂದು ಓದಿದವರು ಕಳೆದುಕೊಳ್ಳುವುದು 0.3 ಎಕರೆ, ಅಂದರೆ 12 ಗುಂಟೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ಹನ್ನೆರಡು ಗುಂಟೆಗೆ 13,068 ಚದರ ಅಡಿ. ಬೆಂಗಳೂರಿನವರ ಭಾಷೆಯಲ್ಲಿ ಹೇಳುವುದಾದರೆ 30-40ರ ಹತ್ತು ಸೈಟು, ಮೇಲೆ ಇನ್ನಷ್ಟು ಜಾಗ.

ಹಳೆಯ ತಲೆಯವರು ಈ ತಪ್ಪು ಮಾಡುವುದಿಲ್ಲ. ಅವರು ಬುದ್ಧಿವಂತರು, ನೀವಲ್ಲ ಎಂದು ಇದರ ಅರ್ಥವಲ್ಲ. ಅವರ ಲೆಕ್ಕ ಇದ್ದದ್ದೇ ಕಾಲು, ಅರೆ, ಮುಕ್ಕಾಲುಗಳಲ್ಲಿ. ಹತ್ತು ಗುಂಟೆ ಕಾಲು ಎಕರೆ, ಇಪ್ಪತ್ತು ಅರೆ, ಮೂವತ್ತು ಮುಕ್ಕಾಲು. ಐದು ಗುಂಟೆ ಅರೆಕಾಲು, ಅಂದರೆ ಕಾಲಿನಲ್ಲಿ ಅರ್ಧ, ಎಂಟನೆಯ ಒಂದು ಪಾಲು. ಅದರಲ್ಲೂ ಅರ್ಧ ಮಾಡಿದರೆ ವೀಸ, ಹದಿನಾರರಲ್ಲಿ ಒಂದು. ರೂಪಾಯಿಗೆ ಆಣೆ ಹೇಗೋ ಹಾಗೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು, ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾಯಿತು. ಆಣೆ ಪೇಟೆ ಬಿಟ್ಟು ಹೋಯಿತು, ಗುಂಟೆಯೊಳಗೆ ಮಾತ್ರ ಉಳಿದುಕೊಂಡಿತು.

ಮುಂಬಯಿ, ಪುಣೆ, ದೆಹಲಿಯ ಮಕ್ಕಳಿಗೆ ಇಲ್ಲೊಂದು ಮಾತು. ನೀವು ರಸ್ತೆಯಲ್ಲಿ ಕೇಳುವ 'ಪೌಣೆ ತೀನ್' ಎಂಬುದು ಮೂರಕ್ಕೆ ಕಾಲು ಕಡಿಮೆ ಎಂದು ಮುಂದಿನ ಸಂಖ್ಯೆಯಿಂದ ಹಿಂದಕ್ಕೆ ಬರುತ್ತದೆ. ಕನ್ನಡದ 'ಎರಡೂ ಮುಕ್ಕಾಲು' ಹಿಂದಿನ ಸಂಖ್ಯೆಗೆ ಸೇರಿಸುತ್ತಾ ಮುಂದಕ್ಕೆ ಹೋಗುತ್ತದೆ. ಹಿಂದಿಯಲ್ಲಿ ಒಂದೂವರೆಗೆ ಡೇಢ್, ಎರಡೂವರೆಗೆ ಢಾಯಿ, ಮೂರರಿಂದಾಚೆಗೆ ಸಾಡೇ. ಒಂದೊಂದಕ್ಕೆ ಒಂದೊಂದು ಹೆಸರು. ಕನ್ನಡದಲ್ಲಿ ಒಂದೂವರೆ, ಎರಡೂವರೆ, ಮೂರೂವರೆ, ಎಲ್ಲಕ್ಕೂ ಒಂದೇ ನಿಯಮ. (ಬೆಳಗಾವಿ, ಧಾರವಾಡದ ಕಡೆ ದೀಡ, ಸವ್ವಾ ಕನ್ನಡದೊಳಗೇ ಸೇರಿಹೋಗಿವೆ; ಅದು ಬೇರೆ ಸೊಗಸು.) ಪಹಣಿಯಲ್ಲಿ ಎಕರೆ ಮೊದಲು, ಗುಂಟೆ ಆಮೇಲೆ ಬರುವುದರಿಂದ ಕನ್ನಡದ ಕ್ರಮ ಅದಕ್ಕೆ ಸರಿಯಾಗಿ ಹೊಂದುತ್ತದೆ. 2-30 ಎಂದರೆ ಎರಡೂ ಮುಕ್ಕಾಲು ಎಕರೆ, ಅಷ್ಟೇ.

ಕೂಡುವಾಗಲೂ ಎಚ್ಚರ ಬೇಕು. ಒಂದು ಸರ್ವೆ ನಂಬರಿನಲ್ಲಿ 1-28, ಇನ್ನೊಂದರಲ್ಲಿ 0-35 ಇದೆ ಎನ್ನಿ. ಕ್ಯಾಲ್ಕುಲೇಟರಿನಲ್ಲಿ 1.28ಕ್ಕೆ 0.35 ಕೂಡಿಸಿದರೆ 1.63 ಬರುತ್ತದೆ. ಆದರೆ 63 ಗುಂಟೆ ಎಂದು ಪಹಣಿಯಲ್ಲಿ ಯಾರೂ ಬರೆಯುವುದಿಲ್ಲ. ನಲವತ್ತಾದೊಡನೆ ಅದು ಎಕರೆಯಾಗಿ ಎಡಕ್ಕೆ ಹಾರಬೇಕು. 28 ಮತ್ತು 35 ಕೂಡಿ 63, ಅದರಲ್ಲಿ 40 ತೆಗೆದರೆ 23, ಉತ್ತರ 2-23. ಚುಕ್ಕೆಯ ಬಲಗಡೆ 40ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಒಂದೋ ಯಾರೋ ತಪ್ಪು ಕೂಡಿದ್ದಾರೆ, ಇಲ್ಲವೇ ಅದು ಗುಂಟೆಯ ಲೆಕ್ಕವೇ ಅಲ್ಲ.

ಗುಂಟೆಯ ಲೆಕ್ಕವಲ್ಲದಿರುವ ಸಂದರ್ಭವೂ ಉಂಟು. ಚೆನ್ನೈಯವರು ಬಲ್ಲ ಸೆಂಟ್ ಎಕರೆಯ ನೂರನೇ ಒಂದು ಪಾಲು, 435.6 ಚದರ ಅಡಿ. ಅಲ್ಲಿ 2 ಎಕರೆ 20 ಸೆಂಟ್ ಎಂದರೆ ನಿಜವಾಗಿಯೂ 2.20 ಎಕರೆ. 1956ರವರೆಗೆ ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಉಡುಪಿಯ ಕಡೆಯೂ ಸೆಂಟ್ಸ್ ಲೆಕ್ಕವೇ ರೂಢಿ. ಮಹಾರಾಷ್ಟ್ರದ ಸಾತ್-ಬಾರಾ ಉತಾರೆಯಲ್ಲಿ ಹೆಕ್ಟೇರ್ ಮತ್ತು ಆರ್ ಇರುತ್ತವೆ. ನೂರು ಆರ್‌ಗೆ ಒಂದು ಹೆಕ್ಟೇರ್. ಅಲ್ಲಿಯ 2.20 ಸುಮಾರು 5 ಎಕರೆ 17 ಗುಂಟೆಯಾಗುತ್ತದೆ. ಹೈದರಾಬಾದಿನವರು ಪುಣ್ಯವಂತರು, ತೆಲಂಗಾಣದಲ್ಲೂ ಎಕರೆಗೆ ನಲವತ್ತೇ ಗುಂಟೆ. ಹೀಗೆ ಒಂದೇ 2.20ಕ್ಕೆ ಮಂಡ್ಯದಲ್ಲೊಂದು ಅರ್ಥ, ಮಂಗಳೂರಿನಲ್ಲೊಂದು, ಸಾತಾರಾದಲ್ಲಿ ಇನ್ನೊಂದು. ಸಂಖ್ಯೆಗಿಂತ ಮೊದಲು ಕಾಲಮ್ಮಿನ ತಲೆಬರಹ ಓದಿ.

ಇನ್ನು ಪಾಲು. ಎರಡೂವರೆ ಎಕರೆಗೆ ಮೂವರು ಸಮ ಪಾಲುದಾರರು ಎಂದಿಟ್ಟುಕೊಳ್ಳಿ. ದಶಮಾಂಶದಲ್ಲಿ ಭಾಗಿಸಿದರೆ 0.8333... ಎಂದು ಮುಗಿಯದೆ ಹೋಗುತ್ತದೆ. ಯಾರೋ 0.83ಕ್ಕೆ ನಿಲ್ಲಿಸುತ್ತಾರೆ. ಮೂರು 0.83 ಸೇರಿದರೆ 2.49. ಉಳಿದ 0.01 ಎಕರೆ ಎಲ್ಲಿ? ಕಾಗದದ ಮೇಲೆ ಸಣ್ಣದಾಗಿ ಕಾಣುವ ಅದು 435.6 ಚದರ ಅಡಿ. ಮುಂಬಯಿಯಲ್ಲಿ ಅಷ್ಟರಲ್ಲಿ ಒಂದು ಸಂಸಾರ ಇರುತ್ತದೆ! ಇದನ್ನೇ ಭಿನ್ನರಾಶಿಯಲ್ಲಿ ಮಾಡಿ ನೋಡಿ. ಒಟ್ಟು 100 ಗುಂಟೆ, ತಲೆಗೆ 33 ಗುಂಟೆ, ಮಿಕ್ಕಿದ್ದು ಒಂದು ಗುಂಟೆ. ಅದರ ಹದಿನಾರು ಆಣೆಯನ್ನು ಮೂವರಿಗೆ ಹಂಚಿದರೆ ತಲಾ 5 ಆಣೆ, ಮೇಲೆ ಒಂದು ಆಣೆಯ ಮೂರನೇ ಒಂದು ಪಾಲು. ಏನೂ ಕಳೆಯಲಿಲ್ಲ. ಎರಡು, ಐದು ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಛೇದದಲ್ಲಿ ಉಳಿದರೆ ದಶಮಾಂಶ ಎಂದೂ ಮುಗಿಯುವುದಿಲ್ಲ. ಮೂವರು, ಆರು ಜನ, ಏಳು ಜನ ಪಾಲುದಾರರಿದ್ದಲ್ಲಿ ಭಿನ್ನರಾಶಿಯನ್ನೇ ಕೊನೆಯವರೆಗೆ ಒಯ್ಯುವುದು ಕ್ಷೇಮ.

ಈ ವಿದ್ಯೆಯಲ್ಲಿ ಕನ್ನಡ ನಾಡಿನದು ದೊಡ್ಡ ಹೆಸರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತಮ ಅಪವರ್ತ್ಯ ತೆಗೆದುಕೊಳ್ಳುವ ಕ್ರಮ ಅದರಲ್ಲಿದೆ. ಅವನು ಅದನ್ನು 'ನಿರುದ್ಧ' ಎಂದು ಕರೆದ. ಇಡೀ ಒಂದನ್ನು ಬೇರೆ ಬೇರೆ ಪಾಲುಗಳಾಗಿ ಒಡೆಯುವ ಸೂತ್ರವೂ ಉಂಟು. ಅದರಂತೆ ಎರಡನೇ ಒಂದು, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು ಸೇರಿದರೆ ಸರಿಯಾಗಿ ಒಂದು. 36 ಗುಂಟೆಯ ಮೇಲೆ ಇಟ್ಟು ನೋಡಿ: 18, 12, 4, 2. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ರಚಿಸಿದ.

ಬೇಲಿ ಹಾಕಿಸುವ ಹೊತ್ತಿಗೆ ವರ್ಗಮೂಲ ಬೇಕಾಗುತ್ತದೆ. ಎರಡೂವರೆ ಎಕರೆ ಚೌಕವಾಗಿದ್ದರೆ ಸುಲಭ. 100 ಗುಂಟೆಯ ವರ್ಗಮೂಲ 10. ಬದಿ 10 ಸಲ 33, ಅಂದರೆ 330 ಅಡಿ. ಸುತ್ತ 1,320 ಅಡಿ. ಒಂದೇ ಎಕರೆಯಾದರೆ 40ರ ವರ್ಗಮೂಲ ಬೇಕು. ಹೀಗೆ ಮಾಡಿ. ಆರಾರಲ ಮೂವತ್ತಾರು, ಆದ್ದರಿಂದ 6ಕ್ಕಿಂತ ತುಸು ಹೆಚ್ಚು. 40ನ್ನು 6ರಿಂದ ಭಾಗಿಸಿದರೆ ಆರೂ ಮೂರನೇ ಎರಡು. ಅದಕ್ಕೂ 6ಕ್ಕೂ ನಡುವಿನದು ಆರೂ ಮೂರನೇ ಒಂದು. 33ರಿಂದ ಗುಣಿಸಿದರೆ 209 ಅಡಿ. ನಿಜವಾದ ಉತ್ತರ 208.71, ವ್ಯತ್ಯಾಸ ಮೂರೂವರೆ ಅಂಗುಲ. ಕಾಗದವೇ ಬೇಡ.

ಬಹಳ ಮಂದಿ ಎಡವುವುದು ಇದರ ಮುಂದೆ. 'ಎರಡೂವರೆ ಎಕರೆಗೆ 1,320 ಅಡಿಯಾದರೆ, ನನ್ನ ಪಾಲು ಒಂದೂಕಾಲು ಎಕರೆಗೆ 660 ಅಡಿ ಸಾಕು' ಎಂದು ತಂತಿಗೆ ಹಣ ಎತ್ತಿಡುತ್ತಾರೆ. ಸಾಲದು. ಒಂದೂಕಾಲು ಎಕರೆ ಚೌಕವೆಂದರೆ 50 ಗುಂಟೆ. ಅದರ ವರ್ಗಮೂಲ ಐದಲ್ಲ, 7.07. ಬದಿ 233 ಅಡಿ, ಸುತ್ತ 933 ಅಡಿ. ಜಮೀನು ಅರ್ಧವಾದರೂ ಬೇಲಿ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ. ಅಣ್ಣತಮ್ಮಂದಿರು ಆ ದೊಡ್ಡ ಚೌಕವನ್ನೇ ನಡುವೆ ಸೀಳಿಕೊಂಡರೆ ಒಬ್ಬೊಬ್ಬರದು 330 ಅಡಿ ಉದ್ದ, 165 ಅಡಿ ಅಗಲದ ಪಟ್ಟಿ. ಸುತ್ತ 990 ಅಡಿ. ನಡುವಿನ 330 ಅಡಿಗೆ ಇಬ್ಬರೂ ಸೇರಿ ಒಂದೇ ಬೇಲಿ ಹಾಕಿಕೊಂಡರೆ ಒಟ್ಟು 1,650 ಅಡಿಯಲ್ಲಿ ಮುಗಿಯುತ್ತದೆ. ಮಾತು ಬಿಟ್ಟಿದ್ದರೆ 1,980 ಅಡಿ.

ಇದೆಲ್ಲ ಚೌಕವೋ ನೇರ ಪಟ್ಟಿಯೋ ಆದ ಜಮೀನಿನ ಮಾತು. ಹಳ್ಳದ ಪಕ್ಕದ ಗದ್ದೆ ಹಾಗಿರುವುದಿಲ್ಲ. ಪಹಣಿಯ ಜೊತೆ ಸರ್ವೆ ನಕ್ಷೆಯ ಪ್ರತಿಯನ್ನೂ ದೊಡ್ಡಪ್ಪನಲ್ಲಿ ಕೇಳಿ ತರಿಸಿಕೊಳ್ಳಿ. ಬದಿಗಳ ಅಳತೆ ಸಿಗುವುದು ಅದರಲ್ಲಿ.